ಐವತ್ತೆಂಟು ಕೆಜಿ

ಆ ಮಾತು ತನ್ನ ಬಾಯಿಂದಲೇ ಬಂದದ್ದು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅಂಗಡಿಯಲ್ಲಿ ಆಗ ಇದ್ದವರು ಅವನು ಮತ್ತು ಭಾವ ಇಬ್ಬರೇ. ಭಾವ ಬಾಗಿಲಾಚೆ ಪ್ಲಾಸ್ಟಿಕ್ ಬಕೆಟ್‌ಗಳನ್ನು ಬಣ್ಣ ನೋಡಿ ಪೇರಿಸುತ್ತ ಹಲ್ಲಿನ ನಡುವೆ ಪೆನ್ನು ಕಚ್ಚಿಕೊಂಡಿದ್ದರು, ಹಾಗಾಗಿ ಅವರು ಮಾತಾಡಿರಲು ಸಾಧ್ಯವಿರಲಿಲ್ಲ. ಕೌಂಟರಿನ ಮೇಲೆ ಪೇಪರು ಹರಡಿತ್ತು. ನಾಳೆ ಮೊಳೆ ಕಟ್ಟಲು ಹರಿಯಬೇಕಾದ ಪೇಪರನ್ನು ಇವತ್ತು ಒಂದಕ್ಷರ ಬಿಡದೆ ಓದಿ ಮುಗಿಸುವುದು ಅವನ ಬೆಳಗಿನ ಸುಖಗಳಲ್ಲಿ ಒಂದು. ಗ್ರೀಸಿನ ವಾಸನೆ, ಹೊಸ ತಗಡಿನ ವಾಸನೆ, ಪಕ್ಕದಲ್ಲಿ ಸ್ಟೀಲ್ ಲೋಟದಲ್ಲಿ ಆರುತ್ತಿರುವ ಚಹಾ, ಬೀದಿಯಲ್ಲಿ ಶಟರುಗಳು ಒಂದೊಂದಾಗಿ ಮೇಲೇಳುವ ಸದ್ದು, ಇಷ್ಟಿದ್ದರೆ ಅವನಿಗೆ ಲೋಕದ ಮೇಲೆ ಯಾವ ದೂರೂ ಇರುತ್ತಿರಲಿಲ್ಲ. ಮೂರನೇ ಪುಟದಲ್ಲಿ ಇಬ್ಬರು ಪೊಲೀಸರ ನಡುವೆ ನಿಂತ ಒಬ್ಬ ಮನುಷ್ಯನ ಫೋಟೊ ಇತ್ತು. ಪಕ್ಕದ ಮನೆಯ ಹೆಣ್ಣುಮಗುವನ್ನು ಕೊಂದ ಆರೋಪ. ಅವನು ಸುದ್ದಿಯನ್ನು ನಿಧಾನವಾಗಿ ಓದಿದ, ಆರೋಪ ಎಂಬ ಮಾತು ಎಲ್ಲೆಲ್ಲಿ ಬಂದಿದೆ, ಎಲ್ಲೆಲ್ಲಿ ಬಿಟ್ಟುಹೋಗಿದೆ ಎಂದು ಗಮನಿಸುತ್ತ ಓದಿದ, ಅದು ಈಗ ಅವನ ಅಭ್ಯಾಸ. ಕೊನೆಯ ಪ್ಯಾರಾದಲ್ಲಿ ಮಗುವಿನ ಒಂದು ಚಪ್ಪಲಿ ಮಾತ್ರ ಸಿಕ್ಕಿತು, ಇನ್ನೊಂದಕ್ಕಾಗಿ ತಾಯಿ ಇನ್ನೂ ಹುಡುಕುತ್ತಿದ್ದಾರೆ ಎಂದಿತ್ತು. "ಇವನನ್ನ ನೇಣಿಗೆ ಹಾಕ್ಬೇಕು" ಎಂದ ಅವನು, ಗಟ್ಟಿಯಾಗಿ, ಮೈಮೇಲೆ ಬಿದ್ದ ಹುಳ ಕೊಡವುವಷ್ಟು ಸಹಜವಾಗಿ.

ಅದಾದ ಮೇಲೆ ನಡೆದದ್ದೇ ಅವನನ್ನು ಹೆಚ್ಚು ಹೆದರಿಸಿತು. ಕಣ್ಣು ಮತ್ತೆ ಫೋಟೊಗೆ ಹೋಯಿತು. ಭುಜ ನೋಡಿತು, ಕುತ್ತಿಗೆ ನೋಡಿತು, ಸಡಿಲವಾಗಿ ಜೋತುಬಿದ್ದ ಅಂಗಿಯನ್ನು ಕಳೆದು ಲೆಕ್ಕ ಹಾಕಿತು. ಮೊಳೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ತೂಕ ಹೇಳಬಲ್ಲವನು ಅವನು, ಪ್ಲಂಬರುಗಳು ಅದರ ಮೇಲೆ ಚಹಾ ಪಂದ್ಯ ಕಟ್ಟಿ ಸೋಲುತ್ತಿದ್ದರು. ಐವತ್ತೆಂಟು ಇರಬಹುದು, ಎಂದಿತು ಮನಸ್ಸು. ಕೂಡಲೇ ಪೇಪರು ಮಡಿಚಿ ಕೌಂಟರಿನ ಕೆಳಗಿಟ್ಟ. ಚಹಾ ಅಷ್ಟರಲ್ಲಿ ತಣ್ಣಗಾಗಿತ್ತು, ಆದರೂ ಕುಡಿದ.

ಭಾವ ಕೇಳಿಸಿಕೊಂಡಿದ್ದರು. ಪೆನ್ನು ಬಾಯಿಂದ ತೆಗೆದು ಒಳಗೆ ಬಂದವರ ಮುಖದಲ್ಲಿ ಲಾಟರಿ ಹೊಡೆದವರ ಕಳೆ ಇತ್ತು. ಏನಂದೆ, ಇನ್ನೊಂದ್ಸಲ ಹೇಳು ಎಂದು ಪೀಡಿಸಿದರು. ಗಲ್ಲುಶಿಕ್ಷೆ ಇರಬೇಕೋ ಬೇಡವೋ ಎಂಬ ಚರ್ಚೆಯನ್ನು ಅವರು ಈ ಅಂಗಡಿಯಲ್ಲಿ ನಲ್ಲಿ ಕೊಳ್ಳಲು ಬಂದವರೊಂದಿಗೆ, ಬಣ್ಣ ಕೊಳ್ಳಲು ಬಂದವರೊಂದಿಗೆ, ಒಮ್ಮೆ ಅಂಗಡಿ ಲೈಸೆನ್ಸ್ ನೋಡಲು ಬಂದ ಇನ್‌ಸ್ಪೆಕ್ಟರೊಂದಿಗೂ ಮಾಡಿದ್ದರು, ಮತ್ತು ಇರಬೇಕು ಎಂಬ ಪಕ್ಷವನ್ನು ಎಂದೂ ಬದಲಿಸಿರಲಿಲ್ಲ. ಇವನು ಎದುರಿಗೆ ಇದ್ದಾಗ ಮಾತ್ರ ಕೊನೆಗೊಂದು ಮಾತು ಸೇರಿಸುತ್ತಿದ್ದರು: "ನಿನ್ನ ವಿಷಯ ಬೇರೆ." ಇವತ್ತು ಅದನ್ನೂ ಖುಷಿಯಿಂದಲೇ ಸೇರಿಸಿದರು. ನಿನ್ನ ವಿಷಯ ಬೇರೆ, ನಿನ್ನದು ತಪ್ಪಾಗಿತ್ತು, ತಪ್ಪಾಗದೇ ಇರೋ ಕೇಸುಗಳೂ ಇರ್ತವಲ್ಲ, ಇಷ್ಟು ವರ್ಷದಿಂದ ನಾನು ಹೇಳ್ತಿರೋದು ಅಷ್ಟೇ. ಭಾವ ಕೆಟ್ಟವರಾಗಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಇವನು ಜೈಲಿನಿಂದ ಬಿಡುಗಡೆಯಾಗಿ ಬಂದ ದಿನ ಅಂಗಡಿಯ ಮುಂದುಗಡೆ ಯಾವಾಗಲೂ ತೂಗುತ್ತಿದ್ದ ಹಗ್ಗದ ಸುರುಳಿಗಳು, ನೈಲಾನಿನವು, ತೆಂಗಿನ ನಾರಿನವು, ಬಟ್ಟೆ ಒಣಗಿಸುವ ಸಣ್ಣವು, ಒಂದೂ ಇರಲಿಲ್ಲ. ಯಾರೂ ಆ ಬಗ್ಗೆ ಮಾತೆತ್ತಲಿಲ್ಲ. ಎಲ್ಲ ಹಿಂದಿನ ಕೋಣೆಗೆ ಹೋಗಿದ್ದವು. ಗಿರಾಕಿ ಹಗ್ಗ ಕೇಳಿದರೆ ಭಾವ ತಮ್ಮ ಮಂಡಿನೋವು ಮರೆತು ಎದ್ದು, "ನಾನ್ ತರ್ತೀನಿ, ನೀನು ಕೂತ್ಕೋ" ಎಂದು ಒಳಗೆ ಹೋಗುತ್ತಿದ್ದರು, ಅಳೆದು ಕತ್ತರಿಸುವುದನ್ನೂ ಒಳಗೇ ಮಾಡಿ, ಪೇಪರಿನಲ್ಲಿ ಸುತ್ತಿ, ಏನೋ ನಾಚಿಕೆಯ ವಸ್ತು ಮಾರುವವರಂತೆ ಗಿರಾಕಿಯ ಕೈಗೆ ಕೊಡುತ್ತಿದ್ದರು. ಹಗ್ಗ ಕಂಡರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಹಗ್ಗವನ್ನು ಅವನು ಜೈಲಿನಲ್ಲಿ ನೋಡಿಯೇ ಇರಲಿಲ್ಲ. ಇದನ್ನು ಹೇಳಬಹುದಿತ್ತು. ಆದರೆ ಹಗ್ಗ ಅಲ್ಲ ಅಂದರೆ ಮತ್ತೆ ಯಾವುದು ಎಂದು ಕೇಳುತ್ತಾರೆ. ಹೇಳಿದರೆ ಕೌಂಟರಿನ ಮೇಲಿನ ಈ ತಕ್ಕಡಿಯೂ ಹಿಂದಿನ ಕೋಣೆಗೆ ಹೋಗುತ್ತದೆ, ಮೊಳೆ ತೂಗಲು ಭಾವನೇ ಏಳುತ್ತಾರೆ, ಅವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಭಾವನ ಮಂಡಿ ಪಾಪ ಪ್ರತಿ ಸಲ ಲಟಕ್ಕೆನ್ನುತ್ತಿತ್ತು.

ವರ್ಷಗಳ ಹಿಂದೆ, ಕೊಲೆ ನಡೆದ ಆ ದಿನ, ಅವನಿಗೆ ಜ್ವರ ಇರಲಿಲ್ಲ. ಇದು ಇಷ್ಟೇ ಇಷ್ಟು, ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು. ಆಗ ಅವನು ಇದೇ ಅಂಗಡಿಗೆ ಹೊಸದಾಗಿ ಸೇರಿ, ಒಬ್ಬ ಮುದುಕಿಯ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದ. ಒಂದು ಮಧ್ಯಾಹ್ನ ಜ್ವರ ಎಂದು ಭಾವನಿಗೆ ಹೇಳಿ, ಅಂಗಡಿ ತಪ್ಪಿಸಿಕೊಂಡು, ಸಿನಿಮಾಕ್ಕೆ ಹೋದ. ಅದೇ ಮಧ್ಯಾಹ್ನ ಮುದುಕಿ ಕೆಳಗಿನ ಅಡುಗೆಮನೆಯಲ್ಲಿ ಕೊಲೆಯಾದಳು. ಮರುದಿನ ಪೊಲೀಸರು ಅಂಗಡಿಗೇ ಬಂದು, ನಿನ್ನೆ ಮಧ್ಯಾಹ್ನ ಎಲ್ಲಿದ್ದೆ ಎಂದು ಕೇಳಿದಾಗ ಭಾವ ಪಕ್ಕದಲ್ಲೇ, ಕೈಯಲ್ಲಿ ಅಳತೆ ಟೇಪು ಹಿಡಿದು ನಿಂತಿದ್ದರು. ಅಕ್ಕನ ಗಂಡ, ಕೆಲಸ ಕೊಟ್ಟವರು, ಜ್ವರ ಹೇಗಿದೆ ಅಂತ ಆಗಷ್ಟೇ ವಿಚಾರಿಸಿ ಬಿಸಿನೀರು ತರಿಸಿದವರು. ಅವರ ಮುಂದೆ ಸಿನಿಮಾ ಎನ್ನಲು ನಾಲಿಗೆ ಏಳಲಿಲ್ಲ. "ರೂಮಲ್ಲೇ ಮಲಗಿದ್ದೆ ಸಾರ್, ಜ್ವರ" ಎಂದ. ಭಾವ ಹೌದು ಹೌದು ಎಂದು ತಲೆಯಾಡಿಸಿದರು. ಆ ಮಾತು ಅವನನ್ನು ಕೊಲೆಯಾದ ಹೊತ್ತಿಗೆ ಕೊಲೆಯಾದ ಮನೆಯೊಳಗೆ ತಂದು ಕೂರಿಸಿತು. ಎದುರುಮನೆಯವಳು ಅವನಂಥದೇ ನೀಲಿ ಅಂಗಿಯವನೊಬ್ಬ ಹೊರಬಿದ್ದದ್ದನ್ನು ನೋಡಿದ್ದಳು, ನೋಡಿದ್ದು ನಿಜ. ಆಮೇಲೆ ಅವನು ಸಿನಿಮಾದ ವಿಷಯ ಹೇಳಿದಾಗ, ಮೊದಲು ಒಂದು ಹೇಳಿ ಈಗ ಇನ್ನೊಂದು ಹೇಳುತ್ತಿದ್ದಾನೆ ಎಂದಾಯಿತು, ಅದೂ ನಿಜವೇ. ಕತೆ ಹೇಳು ನೋಡೋಣ ಎಂದರು, ಹೇಳಿದ, ಅದನ್ನು ಯಾರು ಬೇಕಾದರೂ ಪೋಸ್ಟರ್ ನೋಡಿ ಹೇಳಬಹುದಿತ್ತು. ಕೋರ್ಟಿನಲ್ಲಿ ಭಾವನೂ ಸಾಕ್ಷಿ ನುಡಿದರು. ಮೈದುನನನ್ನು ಉಳಿಸಬೇಕು ಎಂದುಕೊಂಡೇ ಹೋಗಿ, ಅವನಿಗೆ ಜ್ವರ ಇದ್ದದ್ದು ಖಂಡಿತ, ರೂಮಲ್ಲೇ ಇದ್ದ, ಅವನು ಸುಳ್ಳು ಹೇಳುವ ಹುಡುಗ ಅಲ್ಲ ಎಂದು ಪ್ರಮಾಣ ಮಾಡಿ ಹೇಳಿ ಬಂದರು. ಆ ಕೇಸಿನಲ್ಲಿ ಅವನೊಬ್ಬನನ್ನು ಬಿಟ್ಟು ಯಾರೂ ಸುಳ್ಳು ಹೇಳಲಿಲ್ಲ. ನ್ಯಾಯಾಧೀಶರು ಗಲ್ಲುಶಿಕ್ಷೆಯ ತೀರ್ಪನ್ನು ಎಚ್ಚರಿಕೆಯಿಂದ, ಎಲ್ಲೂ ಮುಗ್ಗರಿಸದೆ ಓದಿದರು; ಕೇಳುತ್ತಿದ್ದ ಅವನಿಗೂ ಹಂತ ಹಂತವಾಗಿ ಅದು ಸರಿ ಅನಿಸುತ್ತ ಹೋಗಿ, ಕೊನೆಯಲ್ಲಿ ತನ್ನ ಹೆಸರು ಬಂದಾಗ ಮಾತ್ರ ಬೆಚ್ಚಿದ್ದ. ಎಷ್ಟೋ ವರ್ಷಗಳ ಮೇಲೆ ಬೇರೆ ಯಾವುದೋ ಕಳವಿನಲ್ಲಿ ಸಿಕ್ಕಿಬಿದ್ದವನ ಮನೆಯಲ್ಲಿ ಮುದುಕಿಯ ಕಿವಿಯೋಲೆ ಸಿಕ್ಕಿತು, ಆ ಕಳ್ಳ ಕೊಲೆಯನ್ನು ಒಪ್ಪಿಕೊಂಡ. ಅವನ ಹತ್ತಿರವೂ ಒಂದು ನೀಲಿ ಅಂಗಿ ಇತ್ತಂತೆ.

ಭಾವನೊಂದಿಗೆ ಆ ಜ್ವರದ ಮಾತು ಒಮ್ಮೆಯೂ ಬಂದಿಲ್ಲ. ಇಬ್ಬರೂ ಅದರ ಸುತ್ತ, ಅಂಗಡಿಯ ನಡುವೆ ಇಳಿಸಿಟ್ಟ ಸಿಮೆಂಟ್ ಮೂಟೆಯನ್ನು ಸುತ್ತಿ ಹೋಗುವಂತೆ, ಅಭ್ಯಾಸದಿಂದ ಓಡಾಡಿಕೊಂಡಿದ್ದರು.

ಮಧ್ಯಾಹ್ನ ಊಟಕ್ಕೆ ಹೋದಾಗ ಅಕ್ಕ ಬಾಗಿಲಲ್ಲೇ ಫೈಲು ಹಿಡಿದು ನಿಂತಿದ್ದಳು. ಅವನ ಕಿಬ್ಬೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಒಂದು ಗಂಟು ಎದ್ದಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು, ಮೂಟೆ ಎತ್ತಿದರೆ ಹೊರಗೆ ಬರುತ್ತಿತ್ತು. ಹರ್ನಿಯಾ, ಸಣ್ಣ ಆಪರೇಷನ್ನು, ಆದರೆ ಮುಂದೂಡುತ್ತ ಹೋದರೆ ಒಂದು ದಿನ ಕರುಳು ಅಲ್ಲೇ ಸಿಕ್ಕಿಕೊಂಡು ಕೊಳೆಯುತ್ತದೆ, ಆಮೇಲೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಮೊದಲು ಒಂದು ತಪಾಸಣೆ ಇತ್ತು. ಅದರಲ್ಲಿ ಅವನು ಎರಡು ಸಲ ಫೇಲಾಗಿದ್ದ. ಮೊದಲ ಸಲ ತೂಕದ ಯಂತ್ರದ ಹತ್ತಿರ ಕರೆದಾಗ ಬಾತ್‌ರೂಮಿಗೆ ಹೋಗಿ ಬರುತ್ತೇನೆ ಎಂದು ಹೋದವನು ಬಸ್ಸು ಹತ್ತಿ ಅಂಗಡಿಗೆ ಬಂದುಬಿಟ್ಟಿದ್ದ. ಎರಡನೇ ಸಲ ಜಾಣತನ ಮಾಡಿ, ತೂಕ ನನಗೆ ಗೊತ್ತು ಸಿಸ್ಟರ್, ಐವತ್ತೆಂಟು, ಬರೆದುಕೊಳ್ಳಿ ಎಂದಿದ್ದ. ನರ್ಸ್ ಅವನ ಹೊಟ್ಟೆ ನೋಡಿ, ಮುಖ ನೋಡಿ, ಪಕ್ಕದವಳನ್ನು ಕರೆದು ತೋರಿಸಿ ನಕ್ಕಿದ್ದಳು. ಐವತ್ತೆಂಟು ಇದ್ದದ್ದು ಮದುವೆಗೆ ಮುಂಚೆನಾ ಎಂದು ಕೇಳಿದ್ದಳು. ಕಾರಿಡಾರಿನಲ್ಲಿ ಕೂತವರೆಲ್ಲ ನಕ್ಕರು, ಅವನೂ ನಕ್ಕ, ನಗುತ್ತಲೇ ಎದ್ದು ಫೋನು ಬಂದವನಂತೆ ಕಿವಿಗೆ ಹಿಡಿದುಕೊಂಡು ಹೊರಬಿದ್ದ. ಮದುವೆಯೇ ಆಗಿರಲಿಲ್ಲ ಅವನಿಗೆ. ಇವತ್ತು ಮೂರನೆಯದು. ಇವತ್ತೂ ಆಗದಿದ್ದರೆ ಆಪರೇಷನ್ನಿನ ಸರದಿ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಆಸ್ಪತ್ರೆಯಿಂದ ಫೋನು ಬಂದಿತ್ತು. ಅಕ್ಕ ತಟ್ಟೆಗೆ ಬಡಿಸುತ್ತ, ಇವತ್ತು ನಿನ್ನ ಜೊತೆ ನಿಮ್ಮ ಭಾವ ಬರ್ತಾರೆ, ಅಂಗಡಿ ಅರ್ಧ ದಿನ ಮುಚ್ಚಿದ್ರೆ ಲೋಕದ ನಲ್ಲಿಯೆಲ್ಲ ಏನೂ ಸೋರಿಹೋಗಲ್ಲ ಎಂದಳು. "ಸೂಜಿಗೆ ಹೆದರೋ ವಯಸ್ಸಾ ನಿಂದು?" ಅವಳು ಅದನ್ನು ಸೂಜಿ ಎಂದುಕೊಂಡಿದ್ದಳು. ಅವನು ಹೌದೆಂಬಂತೆ ತಲೆ ತಗ್ಗಿಸಿ ಎರಡನೇ ಸಲ ಬಡಿಸಿಕೊಂಡ. ಊಟ ಚೆನ್ನಾಗಿತ್ತು. ಅವಳ ಕೈಯ ಊಟ ಎಂದೂ ಕೆಟ್ಟದ್ದಿಲ್ಲ, ಅದೂ ಒಂದು ಸಮಸ್ಯೆಯೇ ಎಂದು ಅವನಿಗೆ ಹೊಳೆದು ಒಳಗೊಳಗೇ ನಗು ಬಂತು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಿಟಕಿಯ ಸೀಟು ಸಿಕ್ಕರೆ ಅವನಿಗೆ ಈಗಲೂ, ಇಷ್ಟು ವರ್ಷದ ಮೇಲೂ, ಯಾರೋ ತಪ್ಪಿ ಕೊಟ್ಟುಬಿಟ್ಟಿದ್ದಾರೆ, ಕೇಳುವುದರೊಳಗೆ ಅನುಭವಿಸಿಬಿಡಬೇಕು ಎಂಬ ಕಳ್ಳ ಸಂತೋಷ. ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವುವವಳು, ಸೈಕಲ್ಲಿನ ಮೇಲೆ ಕನ್ನಡಿ ಹೊತ್ತು ಹೋಗುವವನು, ಆ ಕನ್ನಡಿಯಲ್ಲಿ ಕ್ಷಣ ಹೊಳೆದ ಬಸ್ಸು, ಬಸ್ಸಿನೊಳಗೆ ತಾನೇ ಇರಬಹುದಾದ ಒಂದು ತಲೆ. ಫೋಟೊದವನಿಗೆ ಈಗ ಕಿಟಕಿ ಇರುವುದಿಲ್ಲ, ಮೇಲೆ ಒಂದು ಕಂಡಿ ಇರುತ್ತದೆ. ಇರಲಿ, ಮಗುವಿಗೆ ಅದೂ ಇಲ್ಲವಲ್ಲ. ಹೀಗೆ ಅಂದುಕೊಂಡು, ಇದು ತಾನು ಅಂದುಕೊಂಡದ್ದೋ ಭಾವನ ಮಾತು ತನ್ನೊಳಗೆ ಓಡುತ್ತಿರುವುದೋ ಎಂದು ತಿಳಿಯದೆ ಭಾವನ ಕಡೆ ನೋಡಿದ. ಅವರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಅವನ ಕೇಸು ಗೆದ್ದುಕೊಟ್ಟ ವಕೀಲಮ್ಮ ವರ್ಷಕ್ಕೊಮ್ಮೆ ಅವನನ್ನು ಯಾವುದಾದರೂ ಸಭೆಗೆ ಕರೆಯುತ್ತಿದ್ದರು. ಈ ಭಾನುವಾರವೂ ಒಂದಿತ್ತು. ಹೋಗಿ, ಎಂದಿನಂತೆ, ರಾತ್ರಿಯಿಡೀ ಆರದ ದೀಪದ ಬಗ್ಗೆ, ಕೋಣೆಯ ಉದ್ದಗಲದ ಬಗ್ಗೆ ಹೇಳಿ, ಯಾರನ್ನೂ ಗಲ್ಲಿಗೇರಿಸಬಾರದು ಎಂದು ಮುಗಿಸಬೇಕಿತ್ತು. ಬೆಳಿಗ್ಗೆ ತಾನೇ ಒಬ್ಬನನ್ನು ಏರಿಸಿ ಬಂದ ಬಾಯಲ್ಲಿ ಅದನ್ನು ಹೇಗೆ ಹೇಳುವುದು? ಸುಳ್ಳು ಹೇಳಿ ಒಮ್ಮೆ ಪೆಟ್ಟು ತಿಂದಿದ್ದಾನೆ. ಗಂಟಲು ಕೆಟ್ಟಿದೆ ಎಂದು ತಪ್ಪಿಸಿಕೊಳ್ಳಬಹುದೇನೋ ಎಂದು ಯೋಚಿಸಿದ, ಆಮೇಲೆ ಅದೂ ಜ್ವರದ ಜಾತಿಯದೇ ಎಂದು ಕಂಡು ನಾಚಿದ.

ತಪಾಸಣೆಯ ಕೋಣೆಯಲ್ಲಿ ಅದೇ ನರ್ಸ್ ಇದ್ದಳು. ಬಂದ್ರಾ ಐವತ್ತೆಂಟು ಕೆಜಿ ಸಾಹೇಬ್ರು ಎಂದಳು, ಕೆಡುಕಿಲ್ಲದ ಧ್ವನಿಯಲ್ಲಿ. ರಕ್ತದೊತ್ತಡ ನೋಡಿದಳು, ಜಾಸ್ತಿ ಇದೆ ಎಂದಳು, ಹಿಂದಿನ ಕಾಯಿಲೆ ಕೇಳಿ ಬರೆದುಕೊಂಡಳು. ಭಾವ ಬಾಗಿಲಿಗೆ ಅಡ್ಡವಾಗಿ, ಅಕ್ಕನ ಆಜ್ಞೆಯಂತೆ, ಗೋಡೆಗೊರಗಿ ನಿಂತಿದ್ದರು. "ಚಪ್ಪಲಿ ಬಿಟ್ಟು ಹತ್ತಿ" ಎಂದಳು ನರ್ಸ್. ಅವನು ಹತ್ತಲಿಲ್ಲ. ಸುಮ್ಮನೆ ಒಂದು ಅಂದಾಜು ಬರೆದುಕೊಂಡರೆ ಆಗುವುದಿಲ್ಲವೇ ಎಂದು ಕೇಳಿದ. ಆಗಲ್ಲ, ಪ್ರಜ್ಞೆ ತಪ್ಪಿಸೋ ಔಷಧಿ ತೂಕ ನೋಡಿಯೇ ಕೊಡೋದು ಎಂದಳು ಅವಳು, ಚಿಕ್ಕ ಮಕ್ಕಳಿಗೆ ಹೇಳುವಂತೆ: "ಕಮ್ಮಿ ಆದ್ರೆ ಮಧ್ಯದಲ್ಲೇ ಎಚ್ಚರ ಆಗ್ತೀರ, ಜಾಸ್ತಿ ಆದ್ರೆ..." ಅಷ್ಟಕ್ಕೆ ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದಳು.

ಹೆಚ್ಚುಕಡಿಮೆ ಇದೇ ಮಾತನ್ನು ವಾರ್ಡರನೂ ಹೇಳಿದ್ದ. ದೊಡ್ಡ ಮೀಸೆಯ, ಸಣ್ಣ ಧ್ವನಿಯ, ಮೂರು ಹೆಣ್ಣುಮಕ್ಕಳ ತಂದೆ. ಪ್ರತಿ ಸೋಮವಾರ ಜೈಲಿನ ಉಗ್ರಾಣದಿಂದ ಅಕ್ಕಿ ಮೂಟೆ ತೂಗುವ ಕಬ್ಬಿಣದ ತಕ್ಕಡಿಯನ್ನು ಇಬ್ಬರು ಹೊತ್ತು ತಂದು ಕೋಣೆಯ ಮುಂದೆ ಇಡುತ್ತಿದ್ದರು, ಅದರ ಹಲಗೆಯ ಸಂದಿಯಲ್ಲಿ ಅಕ್ಕಿಕಾಳು ಸಿಕ್ಕಿಕೊಂಡಿರುತ್ತಿತ್ತು, ಬರಿಗಾಲಿಗೆ ಚುಚ್ಚುತ್ತಿತ್ತು. ಚಪ್ಪಲಿ ಬಿಟ್ಟು ಹತ್ತಪ್ಪ ಎನ್ನುತ್ತಿದ್ದ ವಾರ್ಡರ. ಆಮೇಲೆ ಸರಳಿನ ಮೇಲಿನ ಕಬ್ಬಿಣದ ಗುಂಡನ್ನು ಒಂದು ಬೆರಳಿನಿಂದ ನೂಕುತ್ತ, ನೂಕುತ್ತ, ಸರಳು ತೇಲಿ, ನಡುಗಿ, ಸಮನಾಗಿ ನಿಲ್ಲುವವರೆಗೆ ಕಾಯುತ್ತಿದ್ದ. ಹಗ್ಗದ ಉದ್ದ ತೂಕದ ಮೇಲೆ ನಿಲ್ಲುತ್ತದೆ. ಕಡಿಮೆ ಬಿಟ್ಟರೆ ಒದ್ದಾಟ, ಜಾಸ್ತಿ ಬಿಟ್ಟರೆ ಇನ್ನೊಂದು ಥರ, ಹೇಳಬಾರದು ಅದನ್ನ, ಎಂದಿದ್ದ. ತೂಕ ಬದಲಾದರೆ ಲೆಕ್ಕ ಮತ್ತೆ ಹಾಕಬೇಕು, ಪರೀಕ್ಷೆ ಮತ್ತೆ ಮಾಡಬೇಕು, ಎಲ್ಲರಿಗೂ ಕಷ್ಟ. "ಚೆನ್ನಾಗಿ ತಿನ್ನು, ಆದ್ರೆ ಒಂದೇ ಸಮ ತಿನ್ನು" ಎನ್ನುತ್ತಿದ್ದ, ಮಗಳ ಗಂಡನಿಗೆ ಹೇಳಿದ ಹಾಗೆ. ಮತ್ತು ಅವನು, ಯಾರಿಗೂ ಹೇಳದೆ ಉಳಿದದ್ದು ಇದೇ, ಒಂದೇ ಸಮ ತಿಂದ. ಹಸಿವಿಲ್ಲದ ದಿನವೂ ತಟ್ಟೆ ಖಾಲಿ ಮಾಡಿದ, ಹಸಿದ ದಿನ ಇನ್ನೊಂದು ತುಂಡು ಬ್ರೆಡ್ಡು ಕೇಳಲಿಲ್ಲ. ಸೋಮವಾರ ಗುಂಡು ಅದೇ ಗೆರೆಯ ಮೇಲೆ ನಿಂತಾಗ ವಾರ್ಡರ ಐವತ್ತೆಂಟು ಎಂದು ತೃಪ್ತಿಯಿಂದ ತಲೆಯಾಡಿಸಿದರೆ, ಅವನಿಗೆ ಪರೀಕ್ಷೆಯಲ್ಲಿ ಪಾಸಾದ ಹಾಗೆ ಎದೆ ಹಗುರಾಗುತ್ತಿತ್ತು. ತನ್ನನ್ನು ಸರಿಯಾಗಿ ಕೊಲ್ಲಲು ತಾನೂ ಕೈಲಾದಷ್ಟು ನೆರವಾದ. ಇದನ್ನು ಯಾವ ಸಭೆಯಲ್ಲಿ ಹೇಳುವುದು, ಯಾರು ಚಪ್ಪಾಳೆ ತಟ್ಟುತ್ತಾರೆ? ಒಂದು ಸೋಮವಾರ ಮಧ್ಯಾಹ್ನ ಗೋಡೆಯಾಚೆ ಏನೋ ಭಾರವಾದದ್ದು ಬಿದ್ದ ಸದ್ದಾಯಿತು, ಒಮ್ಮೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಏನದು ಎಂದು ಕೇಳಿದ. ವಾರ್ಡರ ಮೀಸೆ ತೀಡಿಕೊಂಡು, ಮರಳಿನ ಚೀಲ ಕಣಪ್ಪ, ನಿನ್ನಷ್ಟೇ ತುಂಬಿದ್ದೀವಿ ಎಂದ. ಮರುದಿನ ತಡೆಯಾಜ್ಞೆ ಬಂತು, ಆಮೇಲೆ ವರ್ಷಗಳು ಬಂದವು. ಆದರೆ ಆ ಚೀಲ ಬಿಚ್ಚಿದರೋ ಇಲ್ಲವೋ ಅವನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಬಿಡುಗಡೆಯಾದ ಮೇಲೆ ಕನ್ನಡಿಯಲ್ಲಿ ಕೆನ್ನೆ ತುಂಬುತ್ತಿದ್ದುದನ್ನು, ಬೆಲ್ಟಿನ ತೂತು ಬದಲಾಗುತ್ತಿದ್ದುದನ್ನು ಅವನು ನೋಡುತ್ತಲೇ ಇದ್ದ. ಆದರೂ ಒಳಗೆ ಎಲ್ಲೋ, ಯಾವುದೋ ಮುಚ್ಚಿದ ಕೋಣೆಯ ಮೂಲೆಯಲ್ಲಿ, ಅವನಷ್ಟೇ ತೂಕದ ಒಂದು ಮರಳಿನ ಚೀಲ ಗೋಡೆಗೊರಗಿ ಕೂತಿತ್ತು, ಅವನು ತಕ್ಕಡಿ ಹತ್ತುವುದನ್ನೇ ಕಾಯುತ್ತ.

"ಹತ್ತಪ್ಪ" ಎಂದರು ಭಾವ ಹಿಂದಿನಿಂದ. ಎಂದೂ ಅಷ್ಟು ಮೆತ್ತಗೆ ಮಾತಾಡಿದವರಲ್ಲ ಅವರು. ಅವನು ಚಪ್ಪಲಿ ಬಿಟ್ಟ. ಗಾಜಿನ ಹಲಗೆ ತಣ್ಣಗಿತ್ತು, ನುಣ್ಣಗಿತ್ತು, ಕಾಲಿಗೆ ಏನೂ ಚುಚ್ಚಲಿಲ್ಲ. ಇಲ್ಲಿ ಗುಂಡು ಇರಲಿಲ್ಲ, ಗುಂಡು ನೂಕುವ ಬೆರಳೂ ಇರಲಿಲ್ಲ. ಕೆಂಪು ಅಂಕಿಗಳು ತಮ್ಮಷ್ಟಕ್ಕೆ ಓಡಿದವು, ಐವತ್ತೆಂಟರ ಮೇಲೆ ನಿಲ್ಲಬಹುದೆಂದು ಅವನು ಉಸಿರು ಹಿಡಿದ, ಅವು ನಿಲ್ಲದೆ, ಆ ಸ್ಟಾಪಿನಲ್ಲಿ ಇಳಿಯುವವರಿಲ್ಲದ ಬಸ್ಸಿನ ಹಾಗೆ, ದಾಟಿ ಹೋದವು. ಎಪ್ಪತ್ತೊಂದು. ನರ್ಸ್ ಗಟ್ಟಿಯಾಗಿ ಓದಿ, ಬರೆದು, "ಈಗ ಗೊತ್ತಾಯ್ತಾ?" ಎಂದಳು. ಅವನು ಇಳಿಯಲಿಲ್ಲ. ಎಪ್ಪತ್ತೊಂದು ಯಾರೋ ಬೇರೆಯವನ ತೂಕ. ಕಿಟಕಿಯ ಸೀಟಿನಲ್ಲಿ ಕೂರುವವನ, ಎರಡು ಸಲ ಬಡಿಸಿಕೊಳ್ಳುವವನ, ಬೆಳಿಗ್ಗೆ ಪೇಪರಿನೊಂದಿಗೆ ಚಹಾ ಕುಡಿಯುವವನ ತೂಕ. ಆ ಚೀಲ ಇನ್ನು ಅವನಿಗೆ ಸಾಲುವುದಿಲ್ಲ, ಆ ಅಳತೆ ಅವನದಲ್ಲ. ಎದೆಯೊಳಗೆ ಏನೋ ಸಡಿಲವಾಗಿ, ನಗುವೋ ಬಿಕ್ಕಳಿಕೆಯೋ ಗೊತ್ತಾಗದಂಥದ್ದು ಬಾಯಿವರೆಗೆ ಬಂತು. ಇಳಿದು ಚಪ್ಪಲಿ ಮೆಟ್ಟಿಕೊಂಡ. ಮೆಟ್ಟಿಕೊಳ್ಳುವಾಗಲೇ ಬೆಳಗಿನ ಲೆಕ್ಕ ನೆನಪಾಯಿತು. ಫೋಟೊದವನು ಐವತ್ತೆಂಟು. ಯಾರೂ ಆ ಚೀಲ ಬಿಚ್ಚಿರದಿದ್ದರೆ ಅವನಿಗೆ ಅದು ಹಾಗೇ ಸರಿಹೊಂದುತ್ತದೆ. ಹೊಂದಿಸಿ ನೋಡಿದ್ದು ತನ್ನದೇ ಕಣ್ಣು.

ಎದೆಯ ಪರೀಕ್ಷೆಗೆ ಕರೆಯುವವರೆಗೆ ಕಾರಿಡಾರಿನ ಬೆಂಚಿನಲ್ಲಿ ಕೂರಬೇಕಿತ್ತು. ಭಾವ ಯಂತ್ರದಿಂದ ಎರಡು ಲೋಟ ಚಹಾ ತಂದರು. ಎಪ್ಪತ್ತೊಂದು ಏನೂ ಜಾಸ್ತಿಯಲ್ಲ, ನಾನು ಎಂಬತ್ತಾರು, ಅದಕ್ಕೆ ಯಾಕೆ ಮುಖ ಹಾಗೆ ಮಾಡಿಕೊಂಡಿದ್ದೀಯ ಎಂದರು. ಆಗ ಅವನು ಹೇಳಿದ. ಹೇಳಬೇಕೆಂದು ಹೊರಟದ್ದಲ್ಲ, ಚಹಾ ತುಂಬ ಬಿಸಿಯಿತ್ತು, ಅದು ಆರುವವರೆಗೆ ಏನಾದರೂ ಮಾತು ಬೇಕಿತ್ತು. ಸೋಮವಾರಗಳನ್ನು ಹೇಳಿದ, ಅಕ್ಕಿಕಾಳು, ಗುಂಡು, ಒಂದೇ ಸಮ ತಿಂದದ್ದು, ಗೋಡೆಯಾಚೆಯ ಸದ್ದು. ಬೆಳಿಗ್ಗೆ ಫೋಟೊ ನೋಡಿ ಹಾಕಿದ ಲೆಕ್ಕವನ್ನೂ ಬಿಡದೆ ಹೇಳಿದ. ಭಾವ ಲೋಟದೊಳಗೆ ನೋಡುತ್ತ ಕೇಳಿದರು. ಎದುರಿನ ಗೋಡೆಯಲ್ಲಿ ಹಲ್ಲುಜ್ಜುವ ಸರಿಯಾದ ಕ್ರಮದ ಚಿತ್ರವಿತ್ತು, ಇಬ್ಬರೂ ಆಗಾಗ ಅದನ್ನು ಓದಿದರು.

"ಹಗ್ಗ ಅಲ್ವಾ ಹಾಗಾದ್ರೆ?" ಎಂದು ಕೇಳಿದರು ಭಾವ ಕೊನೆಗೆ.

"ಹಗ್ಗ ನಾನು ನೋಡೇ ಇಲ್ಲ ಭಾವ."

ಅವರು ತಮ್ಮ ಮಂಡಿಯನ್ನು ಅಂಗೈಯಿಂದ ಒಂದು ಸಲ ಉಜ್ಜಿಕೊಂಡರು. ಆದರೂ, ಆ ಫೋಟೊದವನು ಮಾಡಿದ್ದು ನಿಜವೇ ಆಗಿದ್ದರೆ, ಎಂದರು. ಚರ್ಚೆಯ ಧ್ವನಿ ಅಲ್ಲ ಅದು; ಉತ್ತರ ಬೇಕಾಗಿದ್ದವರ ಧ್ವನಿ.

"ನಿಜವೇ ಆಗಿದ್ರೂ ಯಾರೋ ಒಬ್ರು ಅವನನ್ನ ತೂಗ್ಬೇಕು ಭಾವ. ವಾರ ವಾರ. ದಿನಾ ಮೊಳೆ ತೂಗೋ ಕೈ ನಮ್ದು. ನೀವು ತೂಗ್ತೀರಾ?"

ಒಳಗಿನಿಂದ ಯಾರದೋ ಹೆಸರು ಎರಡು ಸಲ ಕೂಗಿದರು, ಪಕ್ಕದ ಬೆಂಚಿನಿಂದ ಒಬ್ಬರು ಎದ್ದು ಹೋದರು. "ಇಲ್ಲಪ್ಪ" ಎಂದರು ಭಾವ ಆಮೇಲೆ. "ನನ್ನ ಕೈಲಾಗಲ್ಲ." ಹಾಗಂತ ಸುಮ್ಮನೆ ಬಿಡೋಕೂ ಆಗಲ್ಲ ಎಂದರು. ಬಿಡಬೇಕು ಅಂತ ನಾನೂ ಹೇಳ್ತಿಲ್ಲ ಎಂದ ಅವನು. ಬೆಳಗಿನ ಸಿಟ್ಟು ಸುಳ್ಳಲ್ಲ, ಒಂಟಿ ಚಪ್ಪಲಿ ಇನ್ನೂ ಅಲ್ಲೇ ಇತ್ತು. ಭಾನುವಾರ ಸಭೆಗೆ ಹೋಗುತ್ತೇನೆ, ಈ ಸಲ ದೀಪದ ವಿಷಯ ಬಿಟ್ಟು ತಕ್ಕಡಿಯ ವಿಷಯ ಹೇಳುತ್ತೇನೆ, ಬೆಳಿಗ್ಗೆ ಆಡಿದ ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ ಎಂದುಕೊಂಡ. ಅಂದುಕೊಂಡದ್ದೇ ಹೊಟ್ಟೆಯ ಗಂಟು ಒಳಗೆ ಸರಿದ ಹಾಗೆ ಹಾಯೆನಿಸಿತು, ಅದು ಬೆಂಚಿಗೆ ಒರಗಿ ಕೂತದ್ದಕ್ಕೂ ಇರಬಹುದು. ಚಹಾ ಈಗ ಕುಡಿಯುವಷ್ಟಕ್ಕೆ ಬಂದಿತ್ತು. ಭಾವ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಗೋಡೆಯ ಹಲ್ಲಿನ ಚಿತ್ರ ನೋಡುತ್ತಲೇ ಕೇಳಿದರು.

"ಆ ಸಿನಿಮಾ ಚೆನ್ನಾಗಿತ್ತಾ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಇಷ್ಟು ವರ್ಷ ಅಂಗಡಿಯ ನಡುವಿದ್ದ ಮೂಟೆಯನ್ನು ಭಾವ ಒಬ್ಬರೇ ಎತ್ತಲು ಬಗ್ಗಿದ್ದಾರೆ, ಮಂಡಿ ಹಿಡಿಯುವ ಮೊದಲು ತಾನೂ ಕೈ ಹಾಕಬೇಕು ಎನಿಸಿತು.

"ಇಲ್ಲ ಭಾವ. ಕೆಟ್ಟದಾಗಿತ್ತು. ಇಂಟರ್‌ವಲ್ಲಲ್ಲೇ ಎದ್ದು ಅಂಗಡಿಗೆ ಬರೋಣ ಅನ್ಸಿತ್ತು. ನೀವು ಜ್ವರ ಎಲ್ಲಿ ಅಂತ ಕೇಳ್ತೀರಿ ಅಂತ ಪೂರ್ತಿ ನೋಡ್ದೆ."

ಭಾವನ ಭುಜ ಅಲುಗಿತು. ಅಳುತ್ತಿದ್ದಾರೇನೋ ಎಂದು ಹೆದರಿ ತಿರುಗಿದರೆ, ನಗುತ್ತಿದ್ದರು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ. ಎದುರುಗಡೆ ಕೂತವರು ನೋಡಿದರು. ಆಮೇಲೆ ಅವನೂ ನಕ್ಕ, ಕಿಬ್ಬೊಟ್ಟೆ ಹಿಡಿದುಕೊಂಡು, ಯಾಕೆಂದರೆ ನಕ್ಕರೆ ಗಂಟು ನೋಯುತ್ತಿತ್ತು.

ಸಂಜೆ ಅಂಗಡಿ ಮತ್ತೆ ತೆರೆದರು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಅಕ್ಕನಿಗೆ ಫೋನು ಹೋಗಿತ್ತು, ಸೂಜಿಗೆ ಅವನು ಹೆದರಲೇ ಇಲ್ಲ ಎಂದು ಭಾವ ಗಂಭೀರವಾಗಿ ವರದಿ ಒಪ್ಪಿಸಿದ್ದರು. ಬೀದಿದೀಪಗಳು ಹತ್ತುವ ಹೊತ್ತು. ಪ್ಲಂಬರ್ ಬಂದು ಮೊಳೆ ಕೊಂಡ. ಅವನು ತೂಗಿ, ಕೈಗೆ ಸಿಕ್ಕ ಪೇಪರು ಹರಿಯಲು ಹೋಗಿ ಅದು ಇವತ್ತಿನದೆಂದು ಕಂಡು, ಮೂರನೇ ಪುಟವನ್ನು ಬೇರೆ ತೆಗೆದು ಮಡಿಚಿ ಜೇಬಿನಲ್ಲಿಟ್ಟುಕೊಂಡ. ಅದು ಭಾನುವಾರಕ್ಕೆ ಬೇಕಾಗುತ್ತದೆ. ಮೊಳೆಯನ್ನು ಕ್ರೀಡಾಪುಟದಲ್ಲಿ ಕಟ್ಟಿದ. ಪ್ಲಂಬರ್ ಹೊರಟವನು ತಿರುಗಿ, ನೆನಪಾಯ್ತು, ನೀರಿನ ಟ್ಯಾಂಕು ಮೇಲೇರಿಸೋಕೆ ಗಟ್ಟಿ ಹಗ್ಗ ಬೇಕಿತ್ತು ಎಂದ.

ಭಾವ ಅಭ್ಯಾಸದಂತೆ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಮಂಡಿ ಲಟಕ್ಕೆಂದಿತು. ಹಾಗೇ ಒಂದು ಕ್ಷಣ ನಿಂತು, ಮತ್ತೆ ಕೂತರು.

"ಒಳಗಿದೆ" ಎಂದರು ಅವನಿಗೆ. "ಹೋಗಿ ಎಲ್ಲಾನೂ ತಗೊಂಡ್ ಬಾ. ಮುಂದುಗಡೆನೇ ನೇತು ಹಾಕೋಣ. ಮೂಟೆ ಥರ ಎತ್ಬೇಡ, ಒಂದೊಂದೇ ತಾ."